ಬಿಯರಿಗೆ ಸಾಮಾನು ಸಿಕ್ಕಲ್ವಂತೆ!

ಈಗಿನ ಮಕ್ಕಳ ಬಾಯಲ್ಲಿ "ಇಲ್ಲಿ ಸಿಗಲ್ಲ" ಅನ್ನೋ ಮಾತು ಎಷ್ಟು ಬೇಗ ಬರುತ್ತೆ ಅಂತೀರಾ. ಹತ್ತು ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರೋ ಕಾಲದೋರಲ್ವಾ, ಫೋನಲ್ಲಿ ಇಲ್ಲ ಅಂದ್ರೆ ಪ್ರಪಂಚದಲ್ಲೇ ಇಲ್ಲ. ನಮ್ಮ ತಂಗಿ ಮಗನೂ ಹಾಗೇ. ಮಾನ್ಯತಾದಲ್ಲಿ ಕೆಲಸ, ನಮ್ಮ ಮಹಡಿ ಮೇಲಿನ ರೂಮಲ್ಲೇ ಇದಾನೆ. ಕಂಪನಿಯೋರು ಒಂದು ವರ್ಷ ಅಮೆರಿಕಕ್ಕೆ ಕಳಿಸಿದ್ರು. ಅಲ್ಲಿ ಜೊತೆ ಕೆಲಸ ಮಾಡೋನು ಕಾರು ಶೆಡ್ಡಲ್ಲಿ ತಾನೇ ಬಿಯರು ಮಾಡ್ಕೊತಿದ್ನಂತೆ. ಇವನಿಗೂ ಅದೇ ಹುಚ್ಚು ಹತ್ತಿತು. ವಾಪಸ್ಸು ಬಂದು ಮೂರು ತಿಂಗಳಿಂದ ಒಂದೇ ರಾಗ: "ದೊಡ್ಡಮ್ಮ, ಅಲ್ಲಿ ಇದಕ್ಕೇ ಅಂಗಡಿ ಇದಾವೆ, ಮಾಲ್ಟು, ಹಾಪ್ಸು, ಯೀಸ್ಟು ಎಲ್ಲಾ ಜೋಡಿಸಿಟ್ಟಿರ್ತಾರೆ. ಇಲ್ಲಿ ಏನೂ ಸಿಗಲ್ಲ."

ಈ ವಿಷಯ ನಮ್ಮ ಬಳಗದಲ್ಲಿ ಆಗ್ಲೇ ಗುಲ್ಲಾಗಿದೆ. ಮನೇಲಿ ಹೆಂಡ ಕಾಯಿಸ್ತಾರಂತೆ ಅಂತ ಒಬ್ಬರು, ಹುಡುಗ ಏನೋ ಹೊಸದು ಕಲೀತಾನೆ ಬಿಡಿ ಅಂತ ಇನ್ನೊಬ್ಬರು. ಎದುರುಮನೆಯೋರು ಕಾಂಪೌಂಡ್ ಗೋಡೆ ಮೇಲಿಂದಾನೇ ಕೇಳಿದ್ರು. ಬಾಯಿಂದ ಬಾಯಿಗೆ ಹೋಗಿ ಮಾತು ಕೆಡೋದು ಬೇಡ, ನನ್ನ ಅಭಿಪ್ರಾಯ ನಾನೇ ಬರೆದುಬಿಡ್ತೀನಿ. ಅರ್ಧ ಅವನ ಪರ, ಅರ್ಧ ಅವನ ವಿರುದ್ಧ.

ಮೊದಲು ಅವನ ಪರವಾಗಿರೋದು ಹೇಳ್ತೀನಿ. ಬಿಯರು ಅಂದ್ರೆ ಏನು ಅಂತ ಅವನು ಬಿಡಿಸಿ ಹೇಳಿದಾಗ ನಂಗೆ ನಗು ತಡೆಯೋಕಾಗಲಿಲ್ಲ. ಕಾಳನ್ನ ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು, ಬಿಸಿನೀರಲ್ಲಿ ಹಾಕಿದ್ರೆ ಸಿಹಿ ನೀರು ಬರುತ್ತೆ. ಆ ಸಿಹಿ ನೀರಿಗೆ ಯೀಸ್ಟ್ ಹಾಕಿದ್ರೆ ಬಿಯರು. ಆ ಮೊಳಕೆ ಕಾಳಿಗೇ ಮಾಲ್ಟ್ ಅನ್ನೋದಂತೆ. "ಅದು ಸಿಗಲ್ಲ ದೊಡ್ಡಮ್ಮ, ಕಂಪನಿಗಳು ಮಾಡೋದು" ಅಂತಾನೆ. ಅಯ್ಯೋ ಮಂಕೆ, ನೀನು ಆರು ತಿಂಗಳ ಕೂಸಾಗಿದ್ದಾಗ ನಿಮ್ಮಮ್ಮನಿಗೆ ಜಾಂಡೀಸು ಬಂದು, ನಿಂಗೆ ಬೆಳಿಗ್ಗೆ ಸಾಯಂಕಾಲ ತಿನ್ನಿಸಿದ್ದು ಏನು ಅಂತಂದುಕೊಂಡಿದೀಯ? ಇದೇ ಕೈಯಲ್ಲಿ ಮೊಳಕೆ ಕಟ್ಟಿದ ರಾಗಿ ಸರಿ. ಕಂಪನಿ ಮಾಡ್ತಂತೆ!

ನಮಗೆಲ್ಲ ಗೊತ್ತಿರೋದೇ, ಆದ್ರೂ ನಮ್ಮ ಸೊಸೆಯರಿಗೆ, ಹೆಣ್ಣುಮಕ್ಕಳಿಗೆ ಗೊತ್ತಿಲ್ಲದೆ ಇರಬಹುದು, ಅದಕ್ಕೆ ಬರೀತೀನಿ. ಹೊಸ ರಾಗೀನೇ ಆಗಬೇಕು. ಹುಳ ಬೀಳದೆ ಇರಲಿ ಅಂತ ಬಿಸಿ ಮಾಡಿ ಇಟ್ಟಿದ್ದು, ಪಾಲಿಶ್ ಮಾಡಿದ್ದು ಮೊಳಕೆ ಬರಲ್ಲ. ಮೂರು ನಾಲ್ಕು ನೀರಲ್ಲಿ ತೊಳೆದು ಕಲ್ಲು ಗಾಳಿಸಿ, ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ತೆಳ್ಳನೆ ಹಳೇ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ. ತೀರಾ ಬಿಗಿಯಾಗಿ ಕಟ್ಟಬಾರದು, ಕಾಳಿಗೆ ಉಸಿರಾಡೋಕೆ ಜಾಗ ಬೇಕು. ದಿನಕ್ಕೆ ಎರಡು ಸಲ ನೀರು ಚಿಮುಕಿಸಿ, ಗಂಟು ಬಿಚ್ಚಿ ಕೈಯಾಡಿಸಿ. ನಡುವೆ ಕೈ ಇಟ್ರೆ ಬೆಚ್ಚಗಿರುತ್ತೆ ನೋಡಿ, ಮಗು ಹೊಟ್ಟೆ ಮುಟ್ಟಿದ ಹಾಗೆ. ಬೇಸಿಗೇಲಿ ಒಂದೂವರೆ ದಿನ, ಡಿಸೆಂಬರ್ ಚಳೀಲಿ ಮೂರು ದಿನ. ಬಿಳೀ ಬೇರು ಕಾಲು ಅಂಗುಲ ಬಂದಾಗ ನಿಲ್ಲಿಸಬೇಕು. ಬಿಟ್ರೆ ಕಾಳಿನ ಸತ್ವವೆಲ್ಲ ಬೇರಿಗೇ ಹೋಗುತ್ತೆ, ಹಸಿರು ವಾಸನೆ ಹೊಡೆಯುತ್ತೆ. ಗಂಟಿನಲ್ಲಿ ಲೋಳೆ ಬಂದು ಕೆಟ್ಟ ನಾತ ಬಂದ್ರೆ ಮಗು ಬಾಯಿಗೂ ಬೇಡ, ಬಿಯರಿಗೂ ಬೇಡ, ಗಿಡದ ಬುಡಕ್ಕೆ ಹಾಕಿ. ಚೆನ್ನಾಗಿ ಬಂದಿದ್ದನ್ನ ಚಾಪೆ ಮೇಲೆ ಹರಡಿ ಗರಿಗರಿ ಒಣಗಿಸಿ, ಅಂಗೈಯಲ್ಲಿ ಉಜ್ಜಿದ್ರೆ ಬೇರು ಉದುರುತ್ತೆ, ಮೊರದಲ್ಲಿ ಕೇರಿದ್ರೆ ಹಾರಿಹೋಗುತ್ತೆ.

ಇಲ್ಲಿಂದ ಮುಂದೆ ದಾರಿ ಬೇರೆ ಆಗುತ್ತೆ. ನಾವು ಘಮ್ ಅನ್ನೋ ಹಾಗೆ ಹುರಿದು ಮಿಲ್ಲಿಗೆ ಕೊಡ್ತೀವಿ. ಬಿಯರಿನೋರು ಹಾಗೆ ಹುರಿಯೋ ಹಾಗಿಲ್ಲ. ಯಾಕೆ ಅಂದ್ರೆ, ಕಾಳು ಮೊಳಕೆ ಒಡೆಯೋವಾಗ ತನ್ನೊಳಗಿನ ಹಿಟ್ಟನ್ನ ಸಕ್ಕರೆ ಮಾಡ್ಕೊಳ್ಳೋಕೆ ಒಂದು ರಸ ಹುಟ್ಟಿಸುತ್ತೆ, ಎಂಜೈಮು ಅಂತಾರೆ. ಜೋರಾಗಿ ಹುರಿದ್ರೆ ಅದು ಸತ್ತುಹೋಗುತ್ತೆ. ಈ ಮಾತು ಕೇಳಿದಾಗ ನಂಗೆ ಎಷ್ಟೋ ವರ್ಷದ ಒಂದು ಪ್ರಶ್ನೆ ಬಗೆಹರೀತು. ಬರೀ ರಾಗಿ ಹಿಟ್ಟು ಎರಡು ಚಮಚ ಹಾಕಿ ಕಾಯಿಸಿದ್ರೆ ಗಟ್ಟಿ ಗಂಜಿ ಆಗುತ್ತೆ, ಬಿಸಿಲಲ್ಲಿ ಒಣಗಿಸಿದ ಮೊಳಕೆ ಹಿಟ್ಟು ಮೂರು ಚಮಚ ಹಾಕಿದ್ರೂ ನೀರಾಗೇ ಇರುತ್ತೆ, ಸ್ವಲ್ಪ ಸಿಹಿನೂ ಇರುತ್ತೆ. ನಮ್ಮತ್ತೆ "ಮೊಳಕೆ ಹಿಟ್ಟು ಹೊಟ್ಟೆಗೆ ಹಗುರ" ಅಂತಿದ್ದದ್ದು ಇದಕ್ಕೇ. ಗಂಜಿ ತೆಳ್ಳಗಿರುತ್ತೆ, ಆದ್ರೆ ಅದರಲ್ಲಿ ಹಿಟ್ಟು ಜಾಸ್ತಿ ಹಿಡಿಯುತ್ತೆ, ಪುಟ್ಟ ಮಗುವಿನ ಹೊಟ್ಟೆಗೆ ಒಂದೇ ಬಟ್ಟಲಲ್ಲಿ ಹೆಚ್ಚು ಸತ್ವ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನೋರು ಇದನ್ನೇ ಪರೀಕ್ಷೆ ಮಾಡಿ ಮಕ್ಕಳ ಆಹಾರಕ್ಕೆ ರಾಗಿ ಮಾಲ್ಟ್ ಒಳ್ಳೇದು ಅಂತ ಬರೆದಿದಾರೆ. ಜೋಳ, ಸಜ್ಜೆಗಿಂತ ರಾಗಿ ಮೊಳಕೇಲಿ ಈ ಗುಣ ಜಾಸ್ತಿನಂತೆ. ಹಾರ್ಲಿಕ್ಸ್ ಬಾಟ್ಲಿ ಮೇಲೆ ಓದಿ ನೋಡಿ, ಅದರಲ್ಲೂ ಮಾಲ್ಟ್ ಮಾಡಿದ ಬಾರ್ಲಿನೇ. ಮಕ್ಕಳಿಗೆ ಕೊಡೋದೂ ಅದೇ, ಪಬ್ಬಲ್ಲಿ ಕುಡಿಯೋದೂ ಅದರ ದಾಯಾದಿನೇ.

ಹುಡುಗನಿಗೆ ನಿಜವಾಗ್ಲೂ ಸಿಗದೆ ಇರೋ ಸಾಮಾನೂ ಇದಾವೆ, ಅದನ್ನೂ ಒಪ್ಪಬೇಕು. ಬಾರ್ಲಿ ತಂದು ನೆನೆಹಾಕಿದ, ಮೂರು ದಿನ ಆದ್ರೂ ಒಂದು ಕಾಳೂ ಮೊಳೀಲಿಲ್ಲ, ಹುಳಿ ನಾತ ಬಂತು. ಬರೋದಾದ್ರೂ ಹೇಗೆ? ದಿನಸಿ ಅಂಗಡೀಲಿ ಸಿಗೋ ಬಾರ್ಲಿ ಸಿಪ್ಪೆ ತೆಗೆದು ಉಜ್ಜಿ ಬಿಳಿ ಮಾಡಿದ್ದು, ಅದರ ಮೊಳಕೆ ಕಣ್ಣೇ ಹೋಗಿರುತ್ತೆ. ಗಂಜಿಗೆ ಸರಿ. ಹೋಮಕ್ಕೆ ಕೊಡೋ ಜವೆ ಅಂತ ಇದೆಯಲ್ಲ, ಗ್ರಂಧಿಗೆ ಅಂಗಡೀಲಿ ಕೇಳು ಅಂದೆ. ಹೋಗಿ ಎರಡು ಕೆ.ಜಿ. ತಂದ, ಸಿಪ್ಪೆ ಸಮೇತ. ಹಳೇ ದಾಸ್ತಾನು, ಅರ್ಧಕ್ಕರ್ಧ ಮೊಳೀತು. ಪುರೋಹಿತರಿಗೆ ಬೇಕಾದ ಕಾಳು ಅದು, ಹೊಸದಾ ಹಳೇದಾ ಅಂತ ಅಗ್ನಿ ಕೇಳಲ್ಲವಲ್ಲ.

ಬರೀ ರಾಗಿಯಲ್ಲೇ ಮಾಡಬಾರದಾ ಅಂದ್ರೆ ಅದಕ್ಕೂ ಒಂದು ತೊಡಕು. ಬಾರ್ಲಿಗೆ ಗಟ್ಟಿ ಸಿಪ್ಪೆ ಇರುತ್ತೆ, ಸಿಹಿ ನೀರು ಬಸಿಯೋವಾಗ ಆ ಸಿಪ್ಪೆನೇ ಜರಡಿ ಹಾಗೆ ಕೆಲಸ ಮಾಡುತ್ತೆ. ರಾಗಿಗೆ ಅದಿಲ್ಲ. ಬಿಸಿನೀರಿಗೆ ಬಿದ್ರೆ ಅಂಬಲಿ, ಇನ್ನೊಂದು ಸ್ವಲ್ಪ ಬಿಟ್ರೆ ಮುದ್ದೆ. ಅದಕ್ಕೇ ನಮ್ಮ ಹೆಣ್ಣೂರು ರಸ್ತೆ ಕಡೆ, ಊರಲ್ಲೆಲ್ಲ ಇರೋ ಮೈಕ್ರೋಬ್ರೂವರಿಗಳಲ್ಲಿ ರಾಗಿ ಬಿಯರು ಅಂತ ಕೊಡೋದೂ ಬಾರ್ಲಿ ಜೊತೆ ರಾಗಿ ಬೆರೆಸಿದ್ದೇ ಇರುತ್ತಂತೆ. ನೀರಿನ ಬಿಸಿನೂ ಲೆಕ್ಕ. 65 ಡಿಗ್ರಿ ಆಸುಪಾಸಲ್ಲಿ ಒಂದು ಗಂಟೆ ಇಡಬೇಕು. ಕುದಿ ಬಂದ್ರೆ ಎಂಜೈಮು ಹೋಯ್ತು, ಆರಿಹೋದ್ರೆ ಕೆಲಸ ಮಾಡಲ್ಲ. ಇವನು ಅದಕ್ಕೆ ಒಂದು ಮೆಷಿನ್ನು ಆರ್ಡರ್ ಮಾಡ್ತೀನಿ ಅಂದ. ದಪ್ಪ ತಳದ ಪಾತ್ರೆ, ಸುತ್ತ ಹಳೇ ಕಂಬಳಿ ಸುತ್ತಿದ್ರೆ ಒಂದು ಗಂಟೆ ಬಿಸಿ ಎಲ್ಲಿಗೆ ಹೋಗುತ್ತೆ ಅಂದೆ. ಬರೀ ನೀರು ಹಾಕಿ ನೋಡಿದ, ಮೂರೇ ಡಿಗ್ರಿ ಇಳಿದಿತ್ತು. ಅವತ್ತಿಂದ ನಂಗೆ ಮರ್ಯಾದೆ ಸ್ವಲ್ಪ ಜಾಸ್ತಿ ಆಗಿದೆ.

ಹಾಪ್ಸ್ ಅನ್ನೋದು ಮಾತ್ರ ನಮ್ಮಲ್ಲಿಲ್ಲ. ಅದೊಂದು ಬಳ್ಳಿ ಹೂವು, ಕಹಿ, ಬಿಯರಿಗೆ ರುಚಿನೂ ಕೊಟ್ಟು ಬೇಗ ಕೆಡದ ಹಾಗೂ ನೋಡ್ಕೊಳ್ಳುತ್ತೆ. ತಂಪು ದೇಶದ ಬಳ್ಳಿ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದಿದಾರೆ, ತಣಿಸಂದ್ರದ ಟೆರೇಸಲ್ಲಿ ಆಗಲ್ಲ. ಇವನು ಮೆಂತ್ಯ ಹಾಕಲಾ, ಬೇವಿನ ಹೂವು ಹಾಕಲಾ ಅಂತ ಕೇಳ್ತಿದ್ದ. ಹಾಪ್ಸ್ ಗೊತ್ತಾಗೋಕೆ ಮುಂಚೆ ಯುರೋಪಿನೋರೂ ಕೈಗೆ ಸಿಕ್ಕಿದ ಗಿಡಮೂಲಿಕೆ ಹಾಕೇ ಬಿಯರು ಮಾಡ್ತಿದ್ರಂತೆ, ಹಂಗಾಗಿ ಅದು ಹೆಡ್ಡತನ ಏನಲ್ಲ. ಯೀಸ್ಟು ಬೇಕರಿಯೋರ ಹತ್ರ ಸಿಗುತ್ತೆ, ಆದ್ರೆ ಅದರಲ್ಲಿ ಬಿಯರು ಮಾಡಿದ್ರೆ ಬ್ರೆಡ್ಡಿನ ವಾಸನೆ ಅಂತಾನೆ. ಬೇಕಾದ್ದು 18ರಿಂದ 22 ಡಿಗ್ರಿ ತಂಪಲ್ಲಿ ಇದ್ರೆ ಚೆನ್ನಾಗಿ ಕೆಲಸ ಮಾಡೋ ಬೇರೆ ಯೀಸ್ಟು. ನಮ್ಮೂರಿನ ಹವಾ ಹಿಂದೆ ಹಾಗೇ ಇತ್ತು. ದಂಡಿನ ಸೋಲ್ಜರ್‌ಗಳಿಗೋಸ್ಕರ ಈ ಕಡೆ ಬ್ರೂವರಿಗಳಾದವು, 1915ರಲ್ಲಿ ಥಾಮಸ್ ಲೀಶ್‌ಮನ್ ಅನ್ನೋ ಸಾಹೇಬರು ದಕ್ಷಿಣದ ಐದು ಬ್ರೂವರಿ ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಈಗ ಏಪ್ರಿಲ್ಲಲ್ಲಿ ನಮ್ಮ ಅಡುಗೆಮನೆ ದೋಸೆ ಹಿಟ್ಟು ನಾಲ್ಕು ಗಂಟೆಗೇ ಉಕ್ಕಿ ಕಟ್ಟೆ ಮೇಲೆ ಹರೀತಿರುತ್ತೆ, ಇನ್ನು ಬಿಯರಿನ ಯೀಸ್ಟು ಎಲ್ಲಿ ತಡೆಯುತ್ತೆ.

ಸಿಗಲ್ಲ ಸಿಗಲ್ಲ ಅನ್ನೋ ಈ ಹುಡುಗ ನಮ್ಮ ರಸ್ತೆ ತುದೀಲಿರೋ ಅಪಾರ್ಟ್‌ಮೆಂಟ್ ಕಾವಲುಗಾರನ ಹೆಂಡತೀನ ಒಂದಿನಾನೂ ಮಾತಾಡಿಸಿಲ್ಲ. ಡಾರ್ಜಿಲಿಂಗ್ ಕಡೆಯೋಳು, ನಮ್ಮ ರಾಗಿ ಅಂಗಡೀಲೇ ನಂಗೆ ಪರಿಚಯ ಆಗಿದ್ದು. ರಾಗಿ ನೋಡಿ "ಕೋದೋ, ಕೋದೋ" ಅಂತ ಮುಖ ಅರಳಿಸಿದ್ಲು. ಅವರ ಕಡೆ ರಾಗೀನ ಇಡೀ ಕಾಳಾಗೇ ಬೇಯಿಸಿ, ಆರಿಸಿ, ಮರ್ಚಾ ಅನ್ನೋ ಬಿಲ್ಲೆ ಪುಡಿ ಮಾಡಿ ಕಲಸಿ ಮುಚ್ಚಿಡ್ತಾರೆ. ಮೊಳಕೆ ಕಟ್ಟೋದೂ ಬೇಡ, ಆ ಬಿಲ್ಲೇಲಿರೋ ಬೂಷ್ಟೇ ಹಿಟ್ಟನ್ನ ಸಿಹಿ ಮಾಡುತ್ತೆ, ಅದರಲ್ಲಿರೋ ಯೀಸ್ಟೇ ಹುಳಿಸುತ್ತೆ. ಆಮೇಲೆ ಆ ಕಾಳನ್ನ ಮರದ ಪಾತ್ರೇಲಿ ಹಾಕಿ, ಬಿಸಿನೀರು ಹುಯ್ದು, ಬಿದಿರು ಕೊಳವೇಲಿ ಹೀರೋದು. ತೊಂಗ್ಬಾ ಅಂತ ಹೆಸರು. ನಮ್ಮ ರಾಗೀನೇ! ಹಾಗೆ ನೋಡಿದ್ರೆ ರಾಗಿ ನಮ್ಮದೂ ಅಲ್ಲ, ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದಿದ್ದು. ಅಲ್ಲಿ ಉಗಾಂಡಾದಲ್ಲಿ ಇವತ್ತಿಗೂ ರಾಗಿ ಮೊಳಕೆ ಕಟ್ಟಿ ಮಲ್ವಾ ಅನ್ನೋ ಬಿಯರು ಮಾಡಿ, ಒಂದೇ ಮಡಕೆ ಸುತ್ತ ಕೂತು ಉದ್ದುದ್ದ ಕೊಳವೇಲಿ ಕುಡೀತಾರೆ. ಮಾಡೋರು ಬಹಳಮಟ್ಟಿಗೆ ಹೆಂಗಸರೇ. ಹಳೇ ಸುಮೇರಿಯಾ ದೇಶದಲ್ಲಿ ಬಿಯರಿಗೆ ಒಬ್ಬ ದೇವತೆನೇ ಇದ್ಲು, ನಿನ್ಕಾಸಿ ಅಂತ, ಹೆಣ್ಣು ದೇವತೆ.

ನಂಗೆ ಸಿಟ್ಟು ಬರೋದು ಇಲ್ಲಿ. ಮೊಳಕೆ ಕಟ್ಟೋದು, ಹಿಟ್ಟು ಉಬ್ಬಿಸೋದು, ಅಂಬಲಿ ಹುಳಿಸೋದು, ಮಜ್ಜಿಗೆ ಹೆಪ್ಪು ಹಾಕೋದು, ಇವೆಲ್ಲ ನಾವು ಮಾಡಿದ್ರೆ ಮನೆಗೆಲಸ. ಗಡ್ಡ ಬಿಟ್ಟ ಹುಡುಗ ಸ್ಟೀಲ್ ಡ್ರಮ್ಮಿನ ಪಕ್ಕ ನಿಂತು ಮಾಡಿದ್ರೆ ಕಲೆ. 2010, 11ರ ಸುಮಾರಿಗೆ ಬೆಂಗಳೂರಲ್ಲಿ ಮೈಕ್ರೋಬ್ರೂವರಿ ಶುರುವಾದ ಮೇಲೆ ರಾಗಿಗೆ ಪಬ್ಬಲ್ಲೂ ಮರ್ಯಾದೆ ಬಂತು. ಒಳ್ಳೇದೇ, ರೈತರ ರಾಗಿಗೆ ಗಿರಾಕಿ ಆಯ್ತು. ಆದ್ರೆ ನಾನು ಚಿಕ್ಕೋಳಿದ್ದಾಗ ನಮ್ಮ ಹಳ್ಳಿ ಹೊರಗೆ ಈಚಲು ಮರದ ಹೆಂಡ ಮಾರ್ತಿದ್ದ ಒಬ್ಬ ಮುದುಕಿ ಇದ್ಲು. ವರ್ಷಕ್ಕೊಂದೆರಡು ಸಲ ಅಬಕಾರಿಯೋರು ಬಂದು ಅವಳ ಮಡಕೆ ಒಡೆದು ಹೋಗೋರು. ಅವಳ ಸಾಮಾನು ಒಡೆದಿದ್ದು ನಾನು ಕಣ್ಣಾರೆ ನೋಡಿದೀನಿ, ಹೆಂಡ ಮಣ್ಣಲ್ಲಿ ನೊರೆ ನೊರೆಯಾಗಿ ಹರೀತಿತ್ತು. ಅದೇ ಊರಿನ ಲೈಸೆನ್ಸು ಇದ್ದ ಸಾರಾಯಿ ಅಂಗಡಿ ಬಾಗಿಲು ಬೆಳಿಗ್ಗೆ ಆರಕ್ಕೇ ತೆಗೀತಿತ್ತು, ಅಲ್ಲಿ ಯಾರೂ ಏನೂ ಒಡೀಲಿಲ್ಲ.

ಕಾನೂನು ಅಂದ್ರೆ ಹೀಗೆ. 1965ರ ಅಬಕಾರಿ ಕಾಯ್ದೆ ಪ್ರಕಾರ ನಮ್ಮ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಯಾವ ಮದ್ಯವನ್ನೂ ತಯಾರು ಮಾಡೋ ಹಾಗಿಲ್ಲ. ಮಾರೋಕಲ್ಲ, ಮನೇಲೇ ಕುಡಿಯೋಕೆ ಅಂದ್ರೂ ಇಲ್ಲ. ಹುಡುಗ ಇದನ್ನ ಕೇಳಿ ಬೆಚ್ಚಿಬಿದ್ದ. ಸಾಮಾನು ಎಲ್ಲಿ ಸಿಗುತ್ತೆ ಅಂತ ಮೂರು ತಿಂಗಳು ಹುಡುಕಿದ ಮಹಾರಾಯ, ಮಾಡಬಹುದಾ ಅಂತ ಒಂದು ದಿನಾನೂ ಹುಡುಕಿರಲಿಲ್ಲ. ಅಂಗಡಿ ಯಾಕಿಲ್ಲ ಅನ್ನೋದಕ್ಕೆ ಅರ್ಧ ಉತ್ತರ ಅಲ್ಲೇ ಇದೆ. ಅವನು ನೋಡಿ ಬಂದ ಅಮೆರಿಕದಲ್ಲೂ 1978ರವರೆಗೆ ಮನೇಲಿ ಬಿಯರು ಮಾಡೋದು ತಪ್ಪೇ ಆಗಿತ್ತು. ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ, ಇಬ್ಬರು ದೊಡ್ಡೋರಿರೋ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಾಡ್ಕೊಳ್ಳಿ, ಮಾರಬೇಡಿ ಅಂತ ಆಯ್ತು. ಅಂಗಡಿಗಳು ಬೆಳೆದಿದ್ದು ಆಮೇಲೆ. ನಮ್ಮಲ್ಲೂ ಕೆಲವು ರಾಜ್ಯಗಳಲ್ಲಿ ಬುಡಕಟ್ಟು ಜನರಿಗೆ ಮನೆ ಬಳಕೆಗೆ ಮಾಡ್ಕೊಳ್ಳೋಕೆ ವಿನಾಯಿತಿ ಇದೆ.

ದಕ್ಷಿಣ ಆಫ್ರಿಕಾದ ಡರ್ಬನ್ ಊರಿನ ಕಥೆ ಓದಿದ್ರೆ ಈ ಕಾನೂನುಗಳ ಬಣ್ಣ ಗೊತ್ತಾಗುತ್ತೆ. ಅಲ್ಲಿ ಕರಿಯ ಹೆಂಗಸರು ಜೋಳದ ಬಿಯರು ಮನೇಲಿ ಮಾಡಿ ಮಾರಿ ಮಕ್ಕಳನ್ನ ಸಾಕ್ತಿದ್ರು. 1908ರ ಕಾನೂನು ತಂದು, ಹೆಂಗಸರು ಮಾಡೋ ಹಾಗಿಲ್ಲ ಅಂತ ಮಾಡಿ, ಮುನಿಸಿಪಾಲಿಟಿಯೇ ಬಿಯರು ಹಾಲ್ ತೆಗೀತು. ಗಂಡಸರ ಕೂಲಿ ದುಡ್ಡೆಲ್ಲ ಅಲ್ಲಿಗೇ. 1959ರಲ್ಲಿ ಕೇಟೋ ಮ್ಯಾನರ್ ಅನ್ನೋ ಕಡೆ ಆ ಹೆಂಗಸರು ಕೋಲು ಹಿಡ್ಕೊಂಡು ಬಿಯರು ಹಾಲಿಗೆ ನುಗ್ಗಿದ್ರು. ಅವರು ಕುಡಿತದ ವಿರುದ್ಧ ನುಗ್ಗಿದ್ದೋ, ತಮ್ಮ ಕಸುಬು ಕಿತ್ತುಕೊಂಡಿದ್ದಕ್ಕೆ ನುಗ್ಗಿದ್ದೋ ಅಂತ ಕೇಳಿದ್ರೆ ಎರಡೂ ಹೌದು ಅನ್ಸುತ್ತೆ ನಂಗೆ.

ನಮ್ಮ ಸುತ್ತಮುತ್ತಲೇ ನೋಡಿ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ಗಾಡೀಲಿ ಬರೋಕೆ ಶುರುವಾದ್ರೆ ಕ್ರಿಶ್ಚಿಯನ್ನರ ಮನೆಗಳಲ್ಲಿ ಭರಣಿ ತೊಳೆಯೋ ಕಾಲ. ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಎರಡು ಲವಂಗ, ಚಕ್ಕೆ. ದಿನಾ ಮರದ ಸೌಟಲ್ಲಿ ತಿರುವಿ, ಕ್ರಿಸ್‌ಮಸ್ಸಿಗೆ ಕೇಕಿನ ಜೊತೆ ಒಂದು ಪುಟ್ಟ ಲೋಟ. ಎಷ್ಟು ತಲೆಮಾರಿಂದ ನಡೆದು ಬಂದಿದೆ. ಇದೂ ಕಾನೂನಿನ ಕಣ್ಣಲ್ಲಿ ಬಿಯರಿನ ಹಾಗೇನೇ. ಪಕ್ಕದ ಕೇರಳದಲ್ಲಿ 2019ರ ಕ್ರಿಸ್‌ಮಸ್ ಹೊತ್ತಿಗೆ ಅಬಕಾರಿಯೋರು ಮನೆ ವೈನೂ ಅಪರಾಧ ಅಂತ ಎಚ್ಚರಿಕೆ ಕೊಟ್ಟು ದೊಡ್ಡ ಸುದ್ದಿ ಆಗಿತ್ತು. ಅಜ್ಜಿಯರ ಭರಣಿಗೆ ಹೆದರೋ ಸರ್ಕಾರ ಬೀದಿಗೊಂದು ವೈನ್ ಸ್ಟೋರಿಗೆ ಹೆದರಲ್ಲ. ಅಲ್ಲಿ ತೆರಿಗೆ ಬರುತ್ತೆ. ನಂಗೆ ಕೇಳಿದ್ರೆ, ಮಾರೋ ಹಾಗಿಲ್ಲ, ಭಟ್ಟಿ ಇಳಿಸೋ ಹಾಗಿಲ್ಲ, ಇಷ್ಟು ಲೀಟರಿಗಿಂತ ಜಾಸ್ತಿ ಇಲ್ಲ ಅಂತ ಬಿಗಿಯಾಗಿ ಬರೆದು ಮನೆ ಬಳಕೆಗೆ ಬಿಡೋದೇ ನ್ಯಾಯ. ಇದನ್ನ ಓದಿ ಕೆಲವರು ಹುಬ್ಬೇರಿಸ್ತೀರ ಅಂತ ಗೊತ್ತು.

ಮನೇಲಿ ಮಾಡಿದ್ದು ವಿಷ ಆಗುತ್ತೆ, ಕಣ್ಣು ಹೋಗುತ್ತೆ ಅಂತ ನಮ್ಮ ಚಿಕ್ಕತ್ತೆ ಹೆದರ್ತಾರೆ. ಅವರ ಭಯಕ್ಕೆ ಕಾರಣ ಇದೆ. 1981ರ ಜುಲೈನಲ್ಲಿ ನಮ್ಮ ಬೆಂಗಳೂರಲ್ಲೇ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ, ಗಡಿಯಾಚೆ ಕೃಷ್ಣಗಿರಿ ಕಡೆ ಮತ್ತೆ ಅದೇ ಕಥೆ. ಆದ್ರೆ ಅದು ಕಾಳು ಹುಳಿಸಿದ್ದರಿಂದ ಆಗಿದ್ದಲ್ಲ. ಕಾರ್ಖಾನೆಗೆ ಬಳಸೋ ಮೀಥೈಲ್ ಆಲ್ಕೊಹಾಲ್ ಬೆರೆಸಿ ಮಾರಿದ್ದು. ಕಾಳು ಹುಳಿಸಿ ಮಾಡೋ ಬಿಯರಲ್ಲಿ ಕಣ್ಣು ಹೋಗುವಷ್ಟು ಮೀಥೈಲ್ ಹುಟ್ಟಲ್ಲ. ಅದರಲ್ಲಿ ನಿಜವಾದ ಅಪಾಯ ಬಾಟ್ಲಿ ಸಿಡಿಯೋದು. ಪೂರ್ತಿ ಹುಳಿಯೋಕೆ ಮುಂಚೆ ಬಿರಡೆ ಹಾಕಿದ್ರೆ ಗ್ಯಾಸು ತುಂಬಿ ಗಾಜು ಚೂರು ಚೂರು. ಸಾರಾಯಿ ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ನಿಂತಿದೆ. ಪ್ಯಾಕೆಟ್ ಸಾರಾಯಿ ಹೋಗಿ ಟೆಟ್ರಾ ಪ್ಯಾಕಲ್ಲಿ ವಿಸ್ಕಿ ಬಂತು, ಕುಡಿಯೋರು ಕುಡೀತಾನೇ ಇದಾರೆ. ಅದನ್ನ ನಂಗಿಂತ ಚೆನ್ನಾಗಿ ಬಲ್ಲೋರು ನಮ್ಮ ಬಳಗದಲ್ಲಿ ಕಡಿಮೆ.

ಈಗ ಅವನ ವಿರುದ್ಧದ ಅರ್ಧ. ನಮ್ಮ ಯಜಮಾನ್ರನ್ನ ಕೇಳಿ, ಅವರು ಬರಿ ಅಂದ ಮೇಲೇ ಇದನ್ನ ಬರೀತಿದೀನಿ. ಅವರು ಕುಡಿಯೋದು ಬಿಟ್ಟು ಬರೋ ದೀಪಾವಳಿಗೆ ಆರು ವರ್ಷ. ಹೇಗೆ ಬಿಟ್ರು, ಅದಕ್ಕೆ ಮುಂಚೆ ಈ ಮನೇಲಿ ಏನೇನಾಯ್ತು ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು, ಮಿಕ್ಕೋರಿಗೆ ಗೊತ್ತಾಗೋದು ಬೇಡ. ಇವತ್ತಿಗೂ ವಾರಕ್ಕೆರಡು ಸಲ ಎ.ಎ. ಮೀಟಿಂಗಿಗೆ ಹೋಗ್ತಾರೆ. ಕೆಮ್ಮಿನ ಔಷಧಿ ತಂದ್ರೂ ಬಾಟ್ಲಿ ಹಿಂದೆ ಕನ್ನಡಕ ಹಾಕ್ಕೊಂಡು ಓದ್ತಾರೆ. ಮದುವೆ ಮನೇಲಿ ಗಂಡಸರೆಲ್ಲ ಒಂದು ಮೂಲೆಗೆ ಹೋದ್ರೆ ಇವರು ಅಡುಗೆ ಭಟ್ಟರ ಹತ್ರ ಹೋಗಿ ಕೂತ್ಕೋತಾರೆ.

ಹುಡುಗ ಬಕೆಟ್ಟು ಇಡೋಕೆ ಜಾಗ ಕೇಳಿದ್ದು ನಮ್ಮ ಯುಟಿಲಿಟೀಲಿ, ವಾಷಿಂಗ್ ಮೆಷಿನ್ ಪಕ್ಕ, ತಂಪಾಗಿರುತ್ತೆ ಅಂತ. ಇಪ್ಪತ್ತು ಲೀಟರ್ ಬಕೆಟ್ಟು, ಎರಡು ವಾರ ಹಗಲೂ ರಾತ್ರಿ ಗುಳು ಗುಳು ಅಂತಿರುತ್ತೆ, ಮನೆ ತುಂಬ ವಾಸನೆ. ನಮ್ಮನೆಯೋರು ಒಂದು ಕ್ಷಣ ಸುಮ್ನಿದ್ದು, "ಇಟ್ಕೊಳ್ಳಲಿ ಬಿಡೆ, ನಂಗೇನಾಗುತ್ತೆ" ಅಂದ್ರು. ಅವತ್ತು ರಾತ್ರಿ ಎರಡು ಗಂಟೇಲಿ ಎದ್ದು ನೋಡ್ತೀನಿ, ಹಾಲಲ್ಲಿ ಲೈಟ್ ಹಾಕ್ದೆ ಕೂತಿದಾರೆ. ಏನ್ರೀ ಅಂದೆ. ಸೆಖೆ ಅಂದ್ರು. ಜನವರಿ ತಿಂಗಳು.

ಬೆಳಿಗ್ಗೆ ನಾನೇ ಇಲ್ಲ ಅಂದುಬಿಟ್ಟೆ. ಈ ಮನೇಲಿ ಬಕೆಟ್ಟು ಇಡೋ ಹಾಗಿಲ್ಲ, ಮಹಡಿ ರೂಮಲ್ಲೂ ಇಲ್ಲ. ಕಾನೂನು ಬಿಟ್ರೂ ಇಲ್ಲ. ತಂಗಿ ಫೋನ್ ಮಾಡಿ ಬೇಜಾರು ಮಾಡ್ಕೊಂಡ್ಲು. "ಭಾವನೇ ಒಪ್ಪಿದಾರೆ, ನಿಂದೇನಕ್ಕ? ಗಂಡನ ಮೇಲೆ ನಂಬಿಕೆ ಇಲ್ಲ ಅಂತ ನೀನೇ ಊರಿಗೆಲ್ಲ ತೋರಿಸಿದ ಹಾಗಾಯ್ತು" ಅಂದ್ಲು. ನಮ್ಮ ನಾದಿನಿನೂ ಅದೇ ಅಂದ್ರು, ಗಂಡಸನ್ನ ಮಗು ಥರ ನೋಡ್ತೀಯ ಅಂತ. ಈ ಮಾತು ನಾನು ಒಪ್ಪಲ್ಲ. ಸಕ್ಕರೆ ಕಾಯಿಲೆ ಇರೋರ ಮನೇಲಿ ಮೈಸೂರು ಪಾಕಿನ ಬಾಣಲೆ ಎರಡು ವಾರ ಒಲೆ ಮೇಲಿಟ್ಟು, ತಿನ್ನಬೇಡಿ, ನಿಮ್ಮ ಮೇಲೆ ನಂಬಿಕೆ ಇದೆ ಅನ್ನೋದು ಯಾವ ಮರ್ಯಾದೆ? ಅವರು ಒಪ್ಪಿದ್ದು ಹುಡುಗನ ಮೇಲಿನ ಪ್ರೀತಿಗೆ, ಇಲ್ಲ ಅಂದ್ರೆ ತನ್ನ ದೌರ್ಬಲ್ಯ ಹೇಳ್ಕೊಂಡ ಹಾಗಾಗುತ್ತೆ ಅನ್ನೋ ಸಂಕೋಚಕ್ಕೆ. ಆ ಇಲ್ಲ ಅನ್ನೋದನ್ನ ಅವರ ಬಾಯಿಂದ ಹೇಳಿಸಬಾರದು ಅಂತಲೇ ನಾನು ಹೇಳಿದ್ದು. ಮನೆ ಬಳಕೆಗೆ ಕಾನೂನು ಬಿಡಬೇಕು ಅಂತ ಮೇಲೆ ಬರೆದೋಳೂ ನಾನೇ, ನನ್ನ ಮನೇಲಿ ಬೇಡ ಅನ್ನೋಳೂ ನಾನೇ. ಸರ್ಕಾರಕ್ಕೆ ಬೇರೆ ಲೆಕ್ಕ, ಒಂದೊಂದು ಮನೆಗೂ ಬೇರೆ ಲೆಕ್ಕ. ಮನೆ ಅಂದ ಮೇಲೆ ಯಾವ ಮನೇಲಿ ಯಾರು ಎಷ್ಟು ಕಷ್ಟಪಟ್ಟು ಏನು ಬಿಟ್ಟಿದಾರೋ ಅದು ಮನೆಯೋರಿಗೇ ಗೊತ್ತು. ಇವತ್ತಿನ ಹುಡುಗರಿಗೆ ಬಿಯರು ಅಂದ್ರೆ ರುಚಿ, ಹವ್ಯಾಸ. ಅವರಿಗೆ ಸಂಬಳದ ದಿನ ಬಾಗಿಲು ಕಾದ ನೆನಪಿಲ್ಲ. ಇಲ್ಲದೆ ಇರೋದು ಒಳ್ಳೇದೇ, ಅದಕ್ಕೆ ನಾನು ಹೊಟ್ಟೆಕಿಚ್ಚು ಪಡಲ್ಲ. ಆದ್ರೆ ಬಕೆಟ್ಟು ಇಡೋಕೆ ಮುಂಚೆ ಮನೇಲಿ ಯಾರಿದಾರೆ ಅಂತ ಒಂದು ಸಲ ತಿರುಗಿ ನೋಡಬೇಕು.

ಹುಡುಗ ಒಳ್ಳೆಯೋನು, ಮುಖ ಸಣ್ಣಗೆ ಮಾಡ್ಕೊಂಡ್ರೂ ಎದುರುತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ದೊಡ್ಡಪ್ಪನ ಹತ್ರ ತಾನೇ ಹೋಗಿ ಏನೋ ಮಾತಾಡಿದ, ಏನಂತ ನಾನು ಕೇಳಿಲ್ಲ. ಆಮೇಲೆ ಇಬ್ರೂ ಸೇರಿ ರಾಚೇನಹಳ್ಳಿ ಕೆರೆ ಕಡೆ ವಾಕಿಂಗ್ ಹೋಗಿಬಂದ್ರು. ಮೊಳಕೆ ಹುಚ್ಚು ಮಾತ್ರ ಬಿಟ್ಟಿಲ್ಲ. ಬಟ್ಟೆ ಗಂಟಿನೊಳಗೆ ಥರ್ಮಾಮೀಟರು ಚುಚ್ಚಿ ಪುಸ್ತಕದಲ್ಲಿ ಬರ್ಕೋತಾನೆ, ಎಷ್ಟು ಗಂಟೆಗೆ ಎಷ್ಟು ಬೇರು ಅಂತ. ಮೊಳಕೆ ಹಿಟ್ಟು 65 ಡಿಗ್ರೀಲಿ ಇಟ್ಟು ಬಸಿದ ಸಿಹಿ ನೀರು ಮೊನ್ನೆ ಎಲ್ಲರಿಗೂ ಲೋಟದಲ್ಲಿ ಕೊಟ್ಟ, ಯೀಸ್ಟಿಲ್ಲದ್ದು, ಏಲಕ್ಕಿ ಹಾಕಿ. ನಮ್ಮನೆಯೋರು ಎರಡನೇ ಸಲ ಹಾಕಿಸ್ಕೊಂಡ್ರು. ಹಾಲು ಬೆರೆಸಿದ್ರೆ ಇನ್ನೂ ಚೆನ್ನಾಗಿರುತ್ತೆ ಅಂತ ನನ್ನ ಮಾತು, ಅವನು ಒಪ್ತಿಲ್ಲ.

ಈ ಭಾನುವಾರ ನಾಲ್ಕು ಸೇರು ರಾಗಿ ನೆನೆಹಾಕ್ತಿದೀವಿ. ಮನೇಲಿ ಆರು ತಿಂಗಳು ದಾಟಿದ ಕೂಸಿರೋರು, ವಯಸ್ಸಾದೋರಿರೋರು ಹೇಳಿ, ಅರ್ಧ ಸೇರಿನ ಹಾಗೆ ತೆಗೆದಿಡ್ತೀನಿ. ಹಳೇ ಪಂಚೆ ಬಟ್ಟೆ ಇದ್ರೆ ಯಾರಾದ್ರೂ ಕಳಿಸಿ, ನಮ್ಮ ಮನೇವು ಎಲ್ಲಾ ಹರಿದುಹೋಗಿದಾವೆ.